ಕಿಟಕಿಯಾಚೆ ಹೋದ ಮಗುವನ್ನು ಕರೆಯುವ ಬಗೆ

"ನಾನು ಈಗ ಏನು ಹೇಳಿದೆ, ಹೇಳು ನೋಡೋಣ."

ಈ ಮಾತು ಕಿವಿಗೆ ಬೀಳದೆ ಶಾಲೆ ಮುಗಿಸಿದವರು ಈ ಸಭೆಯಲ್ಲಿ ಯಾರೂ ಇರಲಾರರು. ಪಾಠ ನಡೆಯುತ್ತಿರುತ್ತದೆ. ಒಂದು ಮಗು ಕಿಟಕಿಯ ಕಡೆ ನೋಡುತ್ತಿರುತ್ತದೆ, ಇಲ್ಲವೇ ಪುಸ್ತಕದ ಮೇಲೆ ಕಣ್ಣಿಟ್ಟು ಪುಸ್ತಕದಲ್ಲಿಲ್ಲದ ಏನನ್ನೋ ನೋಡುತ್ತಿರುತ್ತದೆ. ಟೀಚರ್ ಪಾಠ ನಿಲ್ಲಿಸಿ ಹೆಸರು ಹಿಡಿದು ಕರೆಯುತ್ತಾರೆ. ಮಗು ಬೆಚ್ಚಿ ಎದ್ದು ನಿಲ್ಲುತ್ತದೆ. ಆಮೇಲೆ ಈ ಪ್ರಶ್ನೆ. ಪಕ್ಕದವನು ತುಟಿ ಅಲ್ಲಾಡಿಸುತ್ತಾನೆ, ಉಳಿದವರು ನಗುತ್ತಾರೆ. "ಕೂತ್ಕೋ, ಗಮನ ಇಲ್ಲಿರಲಿ." ಪಾಠ ಮುಂದೆ ಹೋಗುತ್ತದೆ. ಎಲ್ಲ ಸೇರಿದರೆ ಅರ್ಧ ನಿಮಿಷ.

ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಆ ಅರ್ಧ ನಿಮಿಷದ ಬಗ್ಗೆ. ಯೋಚಿಸಿ ನೋಡಿ: ಉತ್ತರ ಮಗುವಿಗೆ ಗೊತ್ತಿಲ್ಲ ಅನ್ನುವುದು ಕೇಳುವವರಿಗೆ ಮೊದಲೇ ಗೊತ್ತು. ಗೊತ್ತಿಲ್ಲ ಅಂತಲೇ ಕೇಳುತ್ತೇವೆ. ಹಾಗಾದರೆ ಅದು ಪ್ರಶ್ನೆಯ ರೂಪದಲ್ಲಿ ಬಂದ ಶಿಕ್ಷೆ. ಅದರಿಂದ ಮಗು ಸಿಕ್ಕಿಬೀಳದ ಹಾಗೆ ಕೂರುವುದನ್ನು ಕಲಿಯುತ್ತದೆ. ಕಣ್ಣು ಬೋರ್ಡಿನ ಮೇಲೆ, ಕೈಯಲ್ಲಿ ಪೆನ್ಸಿಲ್, ಆಗಾಗ ತಲೆ ಆಡಿಸುವುದು. ದೊಡ್ಡ ತರಗತಿಗೆ ಬರುವ ಹೊತ್ತಿಗೆ ಬಹಳ ಮಕ್ಕಳಿಗೆ ಈ 'ಕೇಳುವ ಮುಖ' ರೂಢಿಯಾಗಿ ಹೋಗಿರುತ್ತದೆ. ಕಿಟಕಿ ನೋಡುತ್ತಿದ್ದ ಮಗು 'ನಾನು ಇಲ್ಲಿಲ್ಲ' ಅಂತ ನಮಗೊಂದು ಸುಳಿವಾದರೂ ಕೊಡುತ್ತಿತ್ತು. ಕೇಳುವ ಮುಖ ಕಲಿತ ಮಗು ಅದನ್ನೂ ಕೊಡುವುದಿಲ್ಲ. ಅದಕ್ಕೆ ಆ ಮುಖವನ್ನು ಕಲಿಸಿದ್ದು ನಮ್ಮ ಕರೆಯೇ. ಮನಸ್ಸು ಹೊರಗೆ ಹೋಗುವುದನ್ನು ಯಾವ ಶಿಕ್ಷಕರೂ ತಡೆಯಲಾರರು. ಹೋದ ಮನಸ್ಸು ತಾನಾಗಿ ವಾಪಸ್ ಬರುವುದನ್ನು ಮಾತ್ರ ಕಲಿಸಬಹುದು, ಮತ್ತು ಅದು ಕಲಿಯುವುದೋ ಕೆಡುವುದೋ ತೀರ್ಮಾನವಾಗುವುದು ಈ ಅರ್ಧ ನಿಮಿಷದಲ್ಲಿ ಅಂತ ನಾನು ನಂಬಿದ್ದೇನೆ.

ಮೊದಲು ದೊಡ್ಡವರ ಲೆಕ್ಕ ನೋಡೋಣ. 2010ರಲ್ಲಿ ಮ್ಯಾಥ್ಯೂ ಕಿಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ ಎಂಬ ಮನೋವಿಜ್ಞಾನಿಗಳು ಒಂದು ಅಧ್ಯಯನ ಪ್ರಕಟಿಸಿದರು. 2,250 ವಯಸ್ಕರ ಫೋನಿಗೆ ದಿನದ ಯಾವುದೋ ಹೊತ್ತಿನಲ್ಲಿ ಒಂದು ಪ್ರಶ್ನೆ ಬರುತ್ತಿತ್ತು: ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರಲ್ಲೇ ಇದೆಯೇ, ಬೇರೆಲ್ಲೋ ಇದೆಯೇ? ಬಂದ ಉತ್ತರಗಳಲ್ಲಿ ಸುಮಾರು ಶೇಕಡ 47ರಷ್ಟು 'ಬೇರೆಲ್ಲೋ' ಅಂತಿದ್ದವು. ಸಂಬಳಕ್ಕೆ ಕೆಲಸ ಮಾಡುವ, ಸಂಸಾರ ನಡೆಸುವ ದೊಡ್ಡವರ ಮನಸ್ಸೇ ಹೀಗೆ. ನಾನು ಈ ವಾಕ್ಯ ಹೇಳುವಾಗಲೂ ನಿಮ್ಮಲ್ಲಿ ಕೆಲವರು ಸಂಜೆಯ ಕೆಲಸ ನೆನೆಯುತ್ತಿರುತ್ತೀರಿ, ಅದರಲ್ಲಿ ನನಗೇನೂ ಬೇಸರವಿಲ್ಲ. ಹಾಗಿರುವಾಗ ಎಂಟು ವರ್ಷದ ಮಗು ನಲವತ್ತು ನಿಮಿಷ ಎಳೆ ತಪ್ಪದೆ ಕೇಳಬೇಕು ಅನ್ನುವ ನಿರೀಕ್ಷೆ ಎಲ್ಲಿಂದ ಬಂತು?

'ಮೊಬೈಲ್ ಬಂದ ಮೇಲೆ ಹೀಗಾಯಿತು, ನಮ್ಮ ಕಾಲದಲ್ಲಿ ಇರಲಿಲ್ಲ' ಅನ್ನುವವರಿದ್ದಾರೆ. ಅಮೆರಿಕದ ಮನೋವಿಜ್ಞಾನಿ ವಿಲಿಯಂ ಜೇಮ್ಸ್ 1890ರಲ್ಲೇ ಇದರ ಬಗ್ಗೆ ಬರೆದಿದ್ದರು. ಅಲೆಯುವ ಗಮನವನ್ನು ಮತ್ತೆ ಮತ್ತೆ ತಾನೇ ಹಿಂದಕ್ಕೆ ತರುವ ಶಕ್ತಿಯಲ್ಲೇ ವಿವೇಕ, ಶೀಲ, ಸಂಕಲ್ಪಗಳ ಬೇರು ಇದೆ. ಈ ಶಕ್ತಿಯನ್ನು ಬೆಳೆಸುವ ಶಿಕ್ಷಣವೇ ಎಲ್ಲಕ್ಕಿಂತ ಶ್ರೇಷ್ಠ ಶಿಕ್ಷಣ ಅನ್ನುವುದು ಅವರ ಮಾತಿನ ಸಾರ. ಗಮನಿಸಿ, ಗಮನ ಅಲೆಯಲೇಬಾರದು ಅಂತ ಅವರು ಹೇಳಲಿಲ್ಲ. ಅಲೆಯುತ್ತದೆ ಅಂತ ಒಪ್ಪಿಕೊಂಡೇ ಮುಂದಿನ ಮಾತು ಹೇಳಿದರು.

ಇನ್ನು ಮಿದುಳಿನ ಮಾತು. 2001ರಲ್ಲಿ ಮಾರ್ಕಸ್ ರೈಕಲ್ ಮತ್ತು ಸಂಗಡಿಗರು ಒಂದು ವಿಷಯವನ್ನು ಎತ್ತಿ ತೋರಿಸಿದರು. ಹೊರಗಿನ ಕೆಲಸದ ಮೇಲೆ ಗಮನ ಇಟ್ಟಾಗ ಮಿದುಳಿನ ಕೆಲವು ಭಾಗಗಳ ಚಟುವಟಿಕೆ ಇಳಿಯುತ್ತದೆ, ಸುಮ್ಮನೆ ಕೂತಾಗ ಏರುತ್ತದೆ. ಅಂದರೆ 'ಸುಮ್ಮನೆ' ಕೂತಾಗ ಮಿದುಳು ಸುಮ್ಮನಿರುವುದಿಲ್ಲ. ಆ ಭಾಗಗಳನ್ನು ಒಟ್ಟಾಗಿ ಡಿಫಾಲ್ಟ್ ಮೋಡ್ ಜಾಲ ಅನ್ನುತ್ತಾರೆ. ನಡೆದದ್ದನ್ನು ನೆನೆಯುವಾಗ, ನಾಳೆಯನ್ನು ಊಹಿಸುವಾಗ, ಇನ್ನೊಬ್ಬರ ಮನಸ್ಸಿನಲ್ಲಿ ಏನಿರಬಹುದು ಅಂತ ಯೋಚಿಸುವಾಗ ಈ ಜಾಲ ಕೆಲಸ ಮಾಡುತ್ತದೆ. ಮೇರಿ ಹೆಲೆನ್ ಇಮ್ಮೊರ್ಡಿನೊ-ಯಾಂಗ್ 2012ರಲ್ಲಿ ಸಂಗಡಿಗರೊಡನೆ ಬರೆದ ಲೇಖನದಲ್ಲಿ, ಇಂಥ ಒಳಮುಖದ ಹೊತ್ತು ಮಕ್ಕಳ ಸಾಮಾಜಿಕ, ಭಾವನಾತ್ಮಕ ಬೆಳವಣಿಗೆಗೆ ಮುಖ್ಯವಾಗಿರಬಹುದು, ಶಾಲೆಗಳು ಅದಕ್ಕೂ ಜಾಗ ಕೊಡಬೇಕು ಅಂತ ವಾದಿಸಿದರು. ನಾನು ಅದನ್ನು ಒಪ್ಪುತ್ತೇನೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಿ ಮುಂದೆ ಹೋಗುತ್ತೇನೆ. ಈ ವಿಷಯ ಬಂದಾಗಲೆಲ್ಲ ಯಾರಾದರೂ ಐನ್‌ಸ್ಟೈನ್ ಹೆಸರು ತರುತ್ತಾರೆ. ಹದಿನಾರನೇ ವಯಸ್ಸಿನಲ್ಲಿ ಬೆಳಕಿನ ಕಿರಣದ ಬೆನ್ನು ಹತ್ತಿ ಓಡಿದರೆ ಏನು ಕಾಣಬಹುದು ಅಂತ ಅವರು ಕಲ್ಪಿಸಿಕೊಂಡದ್ದು ನಿಜ, ಅವರೇ ಬರೆದಿದ್ದಾರೆ. ಆದರೆ ಈ ಉದಾಹರಣೆ ಮಕ್ಕಳಿಗೆ ಉಪಕಾರ ಮಾಡುವುದಿಲ್ಲ ಅಂತ ನನ್ನ ಅಭಿಪ್ರಾಯ. ಮುಂದೆ ದೊಡ್ಡ ವಿಜ್ಞಾನಿ ಆಗಬಹುದು ಅನ್ನುವ ಕಾರಣಕ್ಕೆ ಒಂದು ಮಗುವನ್ನು ಮರ್ಯಾದೆಯಿಂದ ಕಾಣುವುದಾದರೆ, ಆಗದ ಮಗುವಿನ ಗತಿ ಏನು? ಹಗಲುಗನಸಿನಿಂದ ಸೃಜನಶೀಲತೆ ಹೆಚ್ಚುತ್ತದೆ ಅನ್ನುವುದಕ್ಕೂ ಗಟ್ಟಿ ಆಧಾರವಿಲ್ಲ. 2012ರ ಒಂದು ಪ್ರಯೋಗ ಹಾಗೆ ಹೇಳಿ ಹೆಸರು ಮಾಡಿತು. ಆಮೇಲೆ ಬೇರೆಯವರು ಮಾಡಿ ನೋಡಿದಾಗ ಅದೇ ಫಲಿತಾಂಶ ಸಿಗಲಿಲ್ಲ. ಆಗಲೇ ಹೇಳಿದ 2010ರ ಅಧ್ಯಯನದಲ್ಲೂ, ಮನಸ್ಸು ಬೇರೆಲ್ಲೋ ಇದ್ದವರು ಕೈಲಿದ್ದ ಕೆಲಸದಲ್ಲಿ ಮುಳುಗಿದ್ದವರಿಗಿಂತ ಒಟ್ಟಾರೆ ಕಡಿಮೆ ಸಂತೋಷದಲ್ಲಿದ್ದರು. ಪಾಠ ತಪ್ಪಿದರೆ ನಷ್ಟ ಇದ್ದೇ ಇದೆ. ಭಾಗಾಕಾರದಲ್ಲಿ ಒಂದು ಹಂತ ತಪ್ಪಿದ ಮಗುವಿಗೆ ಆಮೇಲಿನ ಹಂತಗಳೆಲ್ಲ ಕತ್ತಲೆ. ಆ ನಷ್ಟ ನನಗೂ ಕಾಣುತ್ತದೆ, ಅದಕ್ಕೇ ವಾಪಸ್ ಬರುವ ದಾರಿಯ ಬಗ್ಗೆ ಇಷ್ಟು ಹೇಳುತ್ತಿದ್ದೇನೆ.

ಹೊರಗಿನಿಂದ ಮುಖ ಒಂದೇ, ಒಳಗೆ ನಡೆಯುವುದು ಬೇರೆ ಬೇರೆ. 1960ರ ದಶಕದಿಂದ ಹಗಲುಗನಸನ್ನು ಅಧ್ಯಯನ ಮಾಡಿದ ಜೆರೋಮ್ ಸಿಂಗರ್ ಮೂರು ಬಗೆ ಗುರುತಿಸಿದರು. ಒಂದು, ಕಲ್ಪನೆ, ಕುತೂಹಲ, ಮುಂದಿನ ಯೋಜನೆಗಳಿರುವ ಹಿತವಾದ ಕನಸು. ಎರಡು, ಭಯ, ತಪ್ಪಿತಸ್ಥ ಭಾವ, ಸೋಲುಗಳನ್ನೇ ಮತ್ತೆ ಮತ್ತೆ ಅರೆಯುವುದು. ಮೂರು, ಒಳಗಿನ ಯೋಚನೆಯ ಮೇಲಾಗಲಿ ಹೊರಗಿನ ಕೆಲಸದ ಮೇಲಾಗಲಿ ಗಮನ ನಿಲ್ಲದಿರುವುದು. ಒಂದೇ ಬೆಂಚಿನ ಮೂರು ಮಕ್ಕಳನ್ನು ಕಣ್ಣ ಮುಂದೆ ತಂದುಕೊಳ್ಳಿ. ಪಾಠದಲ್ಲಿ 'ನದಿ' ಅಂದ ಕೂಡಲೇ ಒಬ್ಬಳು ದೋಣಿ ಕಟ್ಟಲು ಹೊರಟಳು. ಎರಡನೆಯವನು ನಿನ್ನೆ ರಾತ್ರಿ ಮನೆಯಲ್ಲಿ ನಡೆದ ಜಗಳದ ಒಂದೊಂದು ಮಾತನ್ನೂ ಮತ್ತೆ ಕೇಳಿಸಿಕೊಳ್ಳುತ್ತಿದ್ದಾನೆ. ಮೂರನೆಯವಳ ತಲೆಯಲ್ಲಿ ಯಾವುದೂ ಎರಡು ಕ್ಷಣ ನಿಲ್ಲುತ್ತಿಲ್ಲ. 'ಗಮನ ಕೊಡು' ಅನ್ನುವ ಒಂದೇ ಮಾತು ಮೂವರಿಗೂ. ಮೊದಲನೆಯವಳಿಗೆ ನಡೆದೀತು. ಎರಡನೆಯವನಿಗೆ ಗಾಯದ ಮೇಲೆ ಬರೆ. ಮೂರನೆಯವಳು ಕೊಡಬೇಕು ಅಂದುಕೊಂಡರೂ ಕೊಡಲಾರಳು.

ನಾಲ್ಕನೆಯ ಬಗೆಯೂ ಒಂದಿದೆ ಅಂತ ನಾನು ಸೇರಿಸುತ್ತೇನೆ. ಇದು ತರಗತಿಯಲ್ಲಿ ಕಂಡದ್ದು. ನೀರು ಆವಿಯಾಗುವ ಪಾಠ. ಒಬ್ಬ ಹುಡುಗ ಬಹಳ ಹೊತ್ತು ಗೋಡೆ ನೋಡುತ್ತಾ ಕೂತಿದ್ದ. ಪಾಠ ಮೋಡ, ಮಳೆ ದಾಟಿ ಮುಂದೆ ಹೋಗಿತ್ತು. ಬಿಡುವಿನಲ್ಲಿ ಮಾತಾಡಿಸಿದಾಗ ಅವನು ಕೇಳಿದ: "ಬಿಸಿಲು ಬಿದ್ದರೆ ನೀರು ಆವಿಯಾಗತ್ತೆ ಅಂದ್ರಿ. ಹಾಗಾದ್ರೆ ಮನೆ ಒಳಗೆ ಹಾಕಿದ ಬಟ್ಟೆ ಹೇಗೆ ಒಣಗತ್ತೆ ಟೀಚರ್?" ಪಠ್ಯದ ಚಿತ್ರದಲ್ಲಿ ಸೂರ್ಯನಿದ್ದಾನೆ, ಕೆರೆಯಿದೆ, ಮೇಲಕ್ಕೆ ಹೋಗುವ ಬಾಣದ ಗುರುತುಗಳಿವೆ. ನೆರಳಿನಲ್ಲೂ ನೀರಿನ ಮೇಲ್ಮೈಯಿಂದ ಕಣಗಳು ಗಾಳಿಗೆ ಸೇರುತ್ತಲೇ ಇರುತ್ತವೆ ಅನ್ನುವುದು ಆ ಚಿತ್ರದಲ್ಲಿಲ್ಲ. ಹುಡುಗ ಪಾಠ ಬಿಟ್ಟು ಹೋಗಿರಲಿಲ್ಲ. ಪಾಠವೇ ಅವನನ್ನು ಬಿಟ್ಟು ಮುಂದೆ ಹೋಗಿತ್ತು. ಅವನು ಇನ್ನೂ ಮೂರನೇ ವಾಕ್ಯದ ಹತ್ತಿರ ನಿಂತು ಅದು ಸರಿಯೇ ಅಂತ ನೋಡುತ್ತಿದ್ದ. ಅಂದು ಎಲ್ಲರೆದುರು 'ನಾನು ಈಗ ಏನು ಹೇಳಿದೆ' ಅಂತ ಕೇಳಿದ್ದರೆ ಅವನು ತಪ್ಪಿತಸ್ಥನಾಗಿ ನಿಲ್ಲುತ್ತಿದ್ದ, ಆ ಪ್ರಶ್ನೆ ಅಲ್ಲೇ ಸಾಯುತ್ತಿತ್ತು. ಇಂಥ ಮಕ್ಕಳು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು.

ಇದೇ ಜಾತಿಗೆ ಸೇರಿದ ಇನ್ನೊಂದು ಸಂಗತಿ. ಕಷ್ಟದ ಪ್ರಶ್ನೆ ಕೇಳಿದಾಗ ಮಕ್ಕಳು ನಮ್ಮ ಮುಖದಿಂದ ಕಣ್ಣು ತೆಗೆಯುತ್ತಾರೆ. ಸೂರು ನೋಡುತ್ತಾರೆ, ನೆಲ ನೋಡುತ್ತಾರೆ. ನಮಗೆ ತಕ್ಷಣ ಬಾಯಿಗೆ ಬರುವುದು: "ಅಲ್ಲೇನು ಬರೆದಿದೆಯಾ? ನನ್ನ ಮುಖ ನೋಡಿ ಹೇಳು." ಬ್ರಿಟನ್ನಿನ ಗ್ವಿನೆತ್ ಡೋಹರ್ಟಿ-ಸ್ನೆಡನ್ ಮತ್ತು ಸಂಗಡಿಗರು ಇದನ್ನೇ ಅಧ್ಯಯನ ಮಾಡಿದವರು. ಪ್ರಶ್ನೆ ಕಷ್ಟವಾದಷ್ಟೂ ಮಕ್ಕಳು ಕಣ್ಣು ಹೊರಳಿಸುವುದು ಹೆಚ್ಚು. ಎದುರಿಗಿರುವ ಮುಖವನ್ನು ಓದುವುದೇ ಮಿದುಳಿಗೆ ಒಂದು ಕೆಲಸ, ಆ ಭಾರ ಇಳಿಸಿಕೊಂಡು ಯೋಚಿಸಲು ಅವರು ಹಾಗೆ ಮಾಡುತ್ತಾರೆ. 2006ರಲ್ಲಿ ಅವರು ಐದು ವರ್ಷದ ಮಕ್ಕಳಿಗೆ, ಯೋಚಿಸುವಾಗ ಬೇರೆ ಕಡೆ ನೋಡುವುದನ್ನು ಅಭ್ಯಾಸ ಮಾಡಿಸಿ ನೋಡಿದರು. ಆ ಮಕ್ಕಳ ಉತ್ತರಗಳು ಸುಧಾರಿಸಿದವು. ಸೂರು ನೋಡುವ ಮಗುವನ್ನು ನಾವು ನಿಲ್ಲಿಸಿದಾಗ, ಎಷ್ಟೋ ಸಲ ಯೋಚನೆಯನ್ನೇ ನಿಲ್ಲಿಸಿರುತ್ತೇವೆ.

ಅದಕ್ಕೇ ಕಾಯುವ ಮಾತು ಬಂತು. ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ ಲೆಕ್ಕ ಹಾಕಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡು ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳು ಮಾತಾಡಿದರು, ಮಕ್ಕಳೇ ಪ್ರಶ್ನೆ ಕೇಳುವುದು ಹೆಚ್ಚಾಯಿತು. ಎರಡೇ ಸೆಕೆಂಡಿನ ವ್ಯತ್ಯಾಸ. ನಾಳೆಯೇ ಮಾಡಬಹುದಾದ, ಒಂದು ಕಾಸೂ ಖರ್ಚಿಲ್ಲದ ಬದಲಾವಣೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಈಗ ಹೇಳುವುದನ್ನು ದಯವಿಟ್ಟು ಬರೆದುಕೊಳ್ಳಿ. ಹಗಲುಗನಸಿನ ಹಾಗೆ ಕಾಣುವ, ಆದರೆ ಹಗಲುಗನಸಲ್ಲದ ಸ್ಥಿತಿಗಳಿವೆ. ಅದರಲ್ಲಿ ಮುಖ್ಯವಾದದ್ದು ಆಬ್ಸೆನ್ಸ್ ಸೀಜರ್ ಅನ್ನುವ ಒಂದು ಬಗೆಯ ಮೂರ್ಛೆರೋಗ. ಮೂರ್ಛೆ ಅಂದರೆ ಬಿದ್ದು ಒದ್ದಾಡುವುದು ಅಂತಲೇ ನಾವು ತಿಳಿದಿರುತ್ತೇವೆ. ಇದರಲ್ಲಿ ಮಗು ಬೀಳುವುದಿಲ್ಲ. ಸಾಮಾನ್ಯವಾಗಿ ನಾಲ್ಕರಿಂದ ಹತ್ತು ವರ್ಷದೊಳಗೆ ಶುರುವಾಗುತ್ತದೆ. ಮಾತಾಡುತ್ತಿದ್ದ ಮಗು ಮಾತಿನ ನಡುವೆಯೇ ನಿಲ್ಲುತ್ತದೆ, ಬರೆಯುತ್ತಿದ್ದ ಕೈ ಅಲ್ಲೇ ನಿಲ್ಲುತ್ತದೆ, ನೋಟ ಶೂನ್ಯವಾಗುತ್ತದೆ, ಕೆಲವೊಮ್ಮೆ ರೆಪ್ಪೆ ಅದುರುತ್ತದೆ. ಹತ್ತು ಸೆಕೆಂಡು ಆಸುಪಾಸು. ಆಮೇಲೆ ಏನೂ ಆಗದ ಹಾಗೆ ಮುಂದುವರಿಯುತ್ತದೆ, ನಡುವೆ ಏನಾಯಿತು ಅನ್ನುವುದು ಅದಕ್ಕೆ ಗೊತ್ತೇ ಇರುವುದಿಲ್ಲ. ಒಂದೇ ದಿನದಲ್ಲಿ ಹತ್ತಾರು ಸಲ ಆಗಬಹುದು. 'ಬೇಕೂಂತ ಕೇಳಿಸಿಕೊಳ್ಳಲ್ಲ' ಅಂತ ವರ್ಷಗಟ್ಟಲೆ ಬೈಸಿಕೊಂಡ ಮೇಲೆ ಇದು ಪತ್ತೆಯಾಗುವುದುಂಟು.

ವ್ಯತ್ಯಾಸ ಹೇಗೆ ತಿಳಿಯಬೇಕು? ಕನಸು ಕಾಣುವ ಮಗು ಹೆಸರು ಹಿಡಿದು ಕರೆದರೆ, ಹೆಗಲು ಮುಟ್ಟಿದರೆ ವಾಪಸ್ ಬರುತ್ತದೆ. ಸೀಜರ್ ಆಗುತ್ತಿರುವ ಮಗು ಮುಟ್ಟಿದರೂ ಬರುವುದಿಲ್ಲ, ಅದು ಮುಗಿದ ಮೇಲೆ ತಾನೇ ಬರುತ್ತದೆ. ಕನಸು ಬೇಸರದ ಹೊತ್ತಿನಲ್ಲಿ ಹೆಚ್ಚು. ಸೀಜರ್ ಊಟ, ಆಟ, ಇಷ್ಟದ ಕಥೆಯ ನಡುವೆಯೂ ಬರುತ್ತದೆ. ರೋಗ ಯಾವುದು ಅಂತ ಹೇಳುವುದು ನಿಮ್ಮ ಕೆಲಸವಲ್ಲ. ಆದರೆ ಯಾವ ಹೊತ್ತಿಗೆ, ಎಷ್ಟು ಸೆಕೆಂಡು, ಆಗ ಮಗು ಏನು ಮಾಡುತ್ತಿತ್ತು, ಕರೆದರೆ ಮುಟ್ಟಿದರೆ ಏನಾಯಿತು ಅಂತ ಒಂದು ಚೀಟಿಯಲ್ಲಿ ಬರೆದಿಟ್ಟು ತಂದೆ ತಾಯಿಯ ಕೈಗೆ ಕೊಡಿ. ವೈದ್ಯರಿಗೆ ಅದಕ್ಕಿಂತ ಬೆಲೆಯುಳ್ಳ ಮಾಹಿತಿ ಇಲ್ಲ, ಏಕೆಂದರೆ ಮಗುವನ್ನು ದಿನಕ್ಕೆ ಐದಾರು ಗಂಟೆ ಎದುರಿಗೆ ಕೂರಿಸಿಕೊಂಡು ನೋಡುವವರು ನೀವು. ಮಿದುಳಿನ ವಿದ್ಯುತ್ ಚಟುವಟಿಕೆ ದಾಖಲಿಸುವ ಇಇಜಿ ಪರೀಕ್ಷೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ, ಔಷಧಿ ಇದೆ, ಬಹಳ ಮಕ್ಕಳಲ್ಲಿ ದೊಡ್ಡವರಾಗುವಷ್ಟರಲ್ಲಿ ನಿಂತೇ ಹೋಗುತ್ತದೆ.

ಉಳಿದವನ್ನು ಬೇಗ ಹೇಳುತ್ತೇನೆ. ನೆಗಡಿಯ ನಂತರ ಕಿವಿಯ ತಮಟೆಯ ಹಿಂದೆ ದ್ರವ ನಿಂತರೆ ಮಗುವಿಗೆ ಒಂದು ವಾರ ಸರಿಯಾಗಿ ಕೇಳಿಸುತ್ತದೆ, ಇನ್ನೊಂದು ವಾರ ಮಂದವಾಗಿ. 'ಬೇಕಾದಾಗ ಕೇಳಿಸುತ್ತೆ, ಬೇಡದಾಗ ಇಲ್ಲ' ಅನ್ನುವ ಆರೋಪ ಇಂಥ ಮಕ್ಕಳ ಮೇಲೆ ಬರುತ್ತದೆ. ಬೋರ್ಡು ಮಸುಕಾಗಿ ಕಾಣುವ ಮಗು ಸ್ವಲ್ಪ ಹೊತ್ತು ಕಷ್ಟಪಟ್ಟು ಆಮೇಲೆ ನೋಡುವುದನ್ನೇ ಬಿಡುತ್ತದೆ. ನಿದ್ದೆ: ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ಬೇಕು. ಹಸಿವು, ರಕ್ತಹೀನತೆ. ಕೊನೆಯದಾಗಿ, ಗಮನ ನಿಲ್ಲದ, ಕೂತಲ್ಲಿ ಕೂರಲಾಗದ ತೊಂದರೆಯಾದ ಎಡಿಎಚ್‌ಡಿ. ಅದರ ಹೆಸರು ಕೇಳಿದರೆ ಓಡಾಡುವ, ಹಾರಾಡುವ ಹುಡುಗ ಕಣ್ಣಿಗೆ ಬರುತ್ತಾನೆ. ಓಡಾಟವಿಲ್ಲದ, ಗಮನದ ತೊಂದರೆ ಮಾತ್ರ ಇರುವ ಬಗೆಯೂ ಇದೆ. ಅಂಥ ಮಕ್ಕಳು, ಅದರಲ್ಲೂ ಹುಡುಗಿಯರು, ಯಾರಿಗೂ ತೊಂದರೆ ಕೊಡದೆ ಮೂಲೆಯಲ್ಲಿ ಕೂತಿರುತ್ತಾರೆ. ತೊಂದರೆ ಕೊಡದವರು ನಮ್ಮ ಕಣ್ಣಿಗೆ ತಡವಾಗಿ ಬೀಳುತ್ತಾರೆ.

ಈಗ ಮತ್ತೆ ತರಗತಿಗೆ ಬರೋಣ. ಮಗು ಆರೋಗ್ಯವಾಗಿದೆ, ಮನಸ್ಸು ಹೊರಗೆ ಹೋಗಿದೆ. ನಾವೇನು ಮಾಡಬೇಕು?

ಪಾಠ ನಿಲ್ಲಿಸಬೇಡಿ. ಮಾತಾಡುತ್ತಲೇ ಆ ಬೆಂಚಿನ ಹತ್ತಿರ ಹೋಗಿ ನಿಲ್ಲಿ. ಬಹಳ ಸಲ ಇಷ್ಟೇ ಸಾಕು. ಹೆಸರು ಹೇಳಲೇಬೇಕಾದರೆ ಪ್ರಶ್ನೆಗಿಂತ ಮೊದಲು ಹೇಳಿ, ಮತ್ತು ಹೆಸರಿನ ಜೊತೆ ಪಾಠ ಎಲ್ಲಿದೆ ಅನ್ನುವುದನ್ನೂ ಕೊಡಿ. "ಕವಿತಾ, ಈ ತ್ರಿಭುಜದ ಎರಡು ಕೋನ ಸಿಕ್ಕಿವೆ, ಅರವತ್ತು ಮತ್ತು ಎಂಬತ್ತು. ಮೂರನೆಯದನ್ನು ನೀನು ಹೇಳ್ತೀಯಾ?" ಇದರಲ್ಲಿ ಮಗುವಿಗೆ ಬೇಕಾದದ್ದೆಲ್ಲ ಇದೆ. ಎರಡು ನಿಮಿಷ ಎಲ್ಲಿ ಹೋಗಿತ್ತೋ ಆ ಲೆಕ್ಕ ಯಾರೂ ಕೇಳುತ್ತಿಲ್ಲ. ಈಗ, ಇಲ್ಲಿಂದ, ಸೇರಿಕೊಳ್ಳಬಹುದು. ನಡೆಯುತ್ತಿರುವ ಪಾಠಕ್ಕೆ ವಾಪಸ್ ಬರುವುದು ಓಡುವ ಬಸ್ಸು ಹತ್ತಿದ ಹಾಗೆ, ಒಂದು ಕ್ಷಣ ನಿಧಾನ ಮಾಡುವುದು ಓಡಿಸುವವರ ಕೈಯಲ್ಲಿದೆ. ಬೋರ್ಡಿನ ಮೇಲೆ ಲೆಕ್ಕದ ಹಂತಗಳನ್ನು ಅಳಿಸದೆ ಬಿಡುವುದೂ ಇದಕ್ಕೇ. ಮನಸ್ಸು ಹೋಗಿತ್ತು ಅನ್ನುವುದೇ ಎಷ್ಟೋ ಸಲ ಹೋದವರಿಗೆ ಗೊತ್ತಿರುವುದಿಲ್ಲ; ಕಣ್ಣು ಸಾಲಿನ ಮೇಲೆ ಓಡುತ್ತಿರುತ್ತದೆ, ಒಂದು ಪುಟ ಮುಗಿದ ಮೇಲೆ ಏನೂ ಓದಲೇ ಇಲ್ಲ ಅಂತ ತಿಳಿಯುತ್ತದೆ. ಜೋನಥನ್ ಸ್ಕೂಲರ್ ಮುಂತಾದವರು ಇದನ್ನು ಪ್ರಯೋಗಗಳಲ್ಲಿ ತೋರಿಸಿದ್ದಾರೆ. ಹೋದದ್ದು ಅರಿವಿಗೆ ಬಂದ ಆ ಕ್ಷಣದಲ್ಲಿ ಮಗುವಿಗೆ ಬೋರ್ಡಿನ ಮೇಲೆ ದಾರಿ ಕಾಣಬೇಕು. ಅಳಿಸಿದ ಬೋರ್ಡು ಕಂಡರೆ ಅದು ಇನ್ನೊಮ್ಮೆ ಹೊರಗೆ ಹೋಗುತ್ತದೆ, ಈ ಸಲ ಬೇಕೆಂದೇ.

ಬೇಕೆಂದೇ ಹೋಗುವುದು, ಅರಿಯದೆ ಹೋಗುವುದು, ಇವೆರಡು ಬೇರೆ ಅನ್ನುವುದನ್ನು ಪಾಲ್ ಸೆಲಿ ಮತ್ತು ಸಂಗಡಿಗರು ಒತ್ತಿ ಹೇಳಿದ್ದಾರೆ. ಪಾಠ ತೀರಾ ಸುಲಭವಾದರೆ ಮಕ್ಕಳು ಗೊತ್ತಿದ್ದೇ ಹೊರಡುತ್ತಾರೆ. ತೀರಾ ಕಷ್ಟವಾದರೆ ಕೈಬಿಟ್ಟು ಹೊರಡುತ್ತಾರೆ. ಒಂದೇ ಹೊತ್ತಿನಲ್ಲಿ ಹತ್ತು ಮಕ್ಕಳ ಮುಖ ಕಿಟಕಿಯ ಕಡೆ ತಿರುಗಿದ್ದರೆ, ಮಕ್ಕಳನ್ನು ಬಿಟ್ಟು ಪಾಠವನ್ನು ನೋಡಿ. 'ಗಮನ ಹತ್ತು ನಿಮಿಷ ಮಾತ್ರ ನಿಲ್ಲುತ್ತದೆ' ಅಂತ ತರಬೇತಿಗಳಲ್ಲಿ ಹೇಳುವುದುಂಟು. ಆ ಲೆಕ್ಕಕ್ಕೆ ಗಟ್ಟಿ ಪುರಾವೆಯಿಲ್ಲ ಅಂತ 2007ರಲ್ಲೇ ಒಂದು ವಿಮರ್ಶಾ ಲೇಖನ ತೋರಿಸಿದೆ. ನಿಮಿಷಕ್ಕಿಂತ ಆ ನಿಮಿಷಗಳಲ್ಲಿ ಮಗುವಿಗೆ ಏನು ಕೆಲಸ ಇದೆ ಅನ್ನುವುದು ಮುಖ್ಯ. 2013ರ ಒಂದು ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ವೀಡಿಯೊ ಉಪನ್ಯಾಸದ ನಡುನಡುವೆ ಪುಟ್ಟ ಪರೀಕ್ಷೆ ಕೊಟ್ಟರು. ಅವರ ಮನಸ್ಸು ಅಲೆಯುವುದು ಸುಮಾರು ಅರ್ಧಕ್ಕೆ ಇಳಿಯಿತು. ಅಂಕ ಕೊಡುವ ಪರೀಕ್ಷೆ ಬೇಕಿಲ್ಲ. "ಇಲ್ಲಿಯವರೆಗೆ ತಿಳಿದದ್ದನ್ನು ಪಕ್ಕದವರಿಗೆ ಒಂದು ವಾಕ್ಯದಲ್ಲಿ ಹೇಳಿ" ಅಂದರೂ ಆಯಿತು.

ಕೆಲವರು ಕಿಟಕಿಯನ್ನೇ ಮುಚ್ಚಿಸುತ್ತಾರೆ, ಗೋಡೆ ತುಂಬ ಚಿತ್ರ ಅಂಟಿಸುತ್ತಾರೆ. 2014ರಲ್ಲಿ ಅಮೆರಿಕದ ಪುಟ್ಟ ಮಕ್ಕಳ ಮೇಲೆ ಮಾಡಿದ ಪ್ರಯೋಗದಲ್ಲಿ, ಗೋಡೆ ತುಂಬ ಅಲಂಕಾರವಿದ್ದ ಕೋಣೆಯಲ್ಲಿ ಮಕ್ಕಳ ಗಮನ ಹೆಚ್ಚು ಚದುರಿತು, ಕಲಿಕೆಯೂ ಕಡಿಮೆಯಾಯಿತು. 2016ರಲ್ಲಿ ಪ್ರೌಢಶಾಲೆಯ ವಿದ್ಯಾರ್ಥಿಗಳ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ, ಕಿಟಕಿಯಿಂದ ಹಸಿರು ಕಾಣುತ್ತಿದ್ದವರ ಗಮನ ಬಿಡುವಿನ ನಂತರ ಬೇಗ ಚೇತರಿಸಿಕೊಂಡಿತು. ಕಿಟಕಿಯನ್ನು ತೆರೆದೇ ಇಡಿ ಅಂತ ನಾನು ಹೇಳುವುದು. ನೋಟ್‌ಬುಕ್ಕಿನ ಅಂಚಿನಲ್ಲಿ ಗೀಚುವ ಮಗುವಿನ ಕೈಯಿಂದ ಪೆನ್ಸಿಲ್ ಕಸಿಯಬೇಡಿ. ಜ್ಯಾಕಿ ಆಂಡ್ರೇಡ್ ನಡೆಸಿದ ಒಂದು ಚಿಕ್ಕ ಪ್ರಯೋಗದಲ್ಲಿ, ಬೇಸರದ ಧ್ವನಿಮುದ್ರಣ ಕೇಳುತ್ತಾ ಆಕಾರಗಳಿಗೆ ಬಣ್ಣ ತುಂಬುತ್ತಿದ್ದ ದೊಡ್ಡವರು ಸುಮ್ಮನೆ ಕೇಳಿದವರಿಗಿಂತ ಶೇಕಡ 29 ಹೆಚ್ಚು ನೆನಪಿಟ್ಟುಕೊಂಡಿದ್ದರು. ಮಕ್ಕಳಿಗೂ ಅದೇ ಲೆಕ್ಕ ಅನ್ವಯಿಸುತ್ತದೆ ಅಂತ ನಾನು ಹೇಳುವುದಿಲ್ಲ, ಆದರೆ ಗೀಚುವ ಕೈ ಕಂಡ ಕೂಡಲೇ ಕಿವಿ ಮುಚ್ಚಿದೆ ಅಂತ ತೀರ್ಮಾನಿಸಬೇಡಿ.

ತರಗತಿ ಮುಗಿದ ಮೇಲೆ, ಬೇರೆ ಮಕ್ಕಳಿಲ್ಲದಾಗ ಕೇಳಿ: "ಆಗ ಏನೋ ಯೋಚಿಸ್ತಿದ್ದೆ ಅನ್ನಿಸ್ತು. ಏನದು?" ಧ್ವನಿಯಲ್ಲಿ ವಿಚಾರಣೆ ಇರಬಾರದು. ಮೊದಲ ಸಲ ಮಗು "ಏನಿಲ್ಲ" ಅನ್ನುತ್ತದೆ, ಇದುವರೆಗೆ ಈ ಪ್ರಶ್ನೆಯ ಹಿಂದೆ ಬೈಗುಳವೇ ಬಂದಿರುತ್ತದಲ್ಲ. ಒತ್ತಾಯ ಮಾಡಬೇಡಿ. "ಸರಿ, ಹೇಳಬೇಕು ಅನ್ನಿಸಿದಾಗ ಹೇಳು" ಅಂದು ಬಿಡಿ. ಮನೆಯ ಜಗಳ ನೆನೆಯುತ್ತಿದ್ದ ಹುಡುಗನಿಗೆ ಆ ಒಂದು ಮಾತು ತಿಂಗಳ ನಂತರ ಬೇಕಾಗಬಹುದು. ನಲವತ್ತು ಮಕ್ಕಳಿರುವ ತರಗತಿಯಲ್ಲಿ ಇದಕ್ಕೆಲ್ಲ ಸಮಯ ಎಲ್ಲಿ ಅಂತ ನೀವು ಕೇಳುತ್ತೀರಿ, ಕೇಳಬೇಕಾದ ಪ್ರಶ್ನೆಯೇ. ದಿನಕ್ಕೆ ಒಂದು ಮಗು. ಎರಡು ನಿಮಿಷ. ಎಲ್ಲರೆದುರು ನಿಲ್ಲಿಸಿ ಕಳೆಯುವ ಅರ್ಧ ಅರ್ಧ ನಿಮಿಷಗಳನ್ನು ಕೂಡಿಸಿದರೆ ಅಷ್ಟು ಸಮಯ ಅಲ್ಲೇ ಸಿಗುತ್ತದೆ.

ಕೊನೆಗೆ ಪ್ರಗತಿ ಪತ್ರದ ಮಾತು. 'ತರಗತಿಯಲ್ಲಿ ಗಮನವಿಲ್ಲ' ಅಂತ ಒಂದು ಸಾಲು ಬರೆದು ಸಹಿ ಮಾಡುತ್ತೇವೆ. ಆ ಸಾಲು ಮನೆಗೆ ಹೋಗಿ ಏನು ಮಾಡುತ್ತದೆ ಅಂತ ಯೋಚಿಸಿದ್ದೀರಾ? ಮಗುವಿಗೆ ಬೈಗುಳ ತರುತ್ತದೆ. ಬೈದವರಿಗೂ ಏನು ಸರಿಮಾಡಬೇಕು ಅಂತ ಗೊತ್ತಾಗುವುದಿಲ್ಲ. ಬದಲಿಗೆ ಕಂಡದ್ದನ್ನು ಬರೆಯಿರಿ. 'ಮಧ್ಯಾಹ್ನದ ಅವಧಿಗಳಲ್ಲಿ, ಮುಖ್ಯವಾಗಿ ದೀರ್ಘ ಓದಿನಲ್ಲಿ ಎಳೆ ತಪ್ಪುತ್ತದೆ. ಹತ್ತಿರ ನಿಂತು ಪಾಠ ಎಲ್ಲಿದೆ ಅಂತ ಹೇಳಿದರೆ ಬೇಗ ಸೇರಿಕೊಳ್ಳುತ್ತಾಳೆ. ಕೈಯಿಂದ ಮಾಡುವ ಕೆಲಸದಲ್ಲಿ ಪೂರ್ತಿ ಮುಳುಗುತ್ತಾಳೆ. ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತಾಳೆ, ದಯವಿಟ್ಟು ತಿಳಿಸಿ.' ನಾಲ್ಕು ವಾಕ್ಯ. ತಂದೆ ತಾಯಿಗೆ ಮಾಡಲು ಒಂದು ಕೆಲಸ ಸಿಕ್ಕಿತು. ಮುಂದಿನ ವರ್ಷ ಆ ಮಗುವನ್ನು ತೆಗೆದುಕೊಳ್ಳುವ ಶಿಕ್ಷಕರಿಗೆ ಮೊದಲ ವಾರವೇ ಅವಳನ್ನು ಎಲ್ಲಿ ಕೂರಿಸಬೇಕು, ಹೇಗೆ ಕರೆಯಬೇಕು ಅನ್ನುವುದೂ ತಿಳಿಯಿತು.